ಅಹವಾಲು ಆಲಿಸಲಾಗಿದೆ

ನಮ್ಮ ಬಡಾವಣೆಯ ಮೈದಾನವನ್ನು ಏನು ಮಾಡಬೇಕು ಅಂತ ಪಾಲಿಕೆಯವರು ನಮ್ಮನ್ನು ಕೇಳಿದರು. ಕೇಳುವ ಹೊತ್ತಿಗೆ ಮೈದಾನದ ನಟ್ಟನಡುವೆ ಜೆಸಿಬಿ ನಿಂತಿತ್ತು. ಗುದ್ದಲಿ ಪೂಜೆಯ ಕುಂಕುಮ ಇನ್ನೂ ಹಸಿಯಾಗಿತ್ತು.

ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ದುಡಿಯುವವರು ಕೆಲಸದಲ್ಲಿದ್ದರು. ಮಕ್ಕಳು ಸ್ಕೂಲಿನಲ್ಲಿದ್ದರು. ಮೈದಾನ ಯಾರಿಗೆ ಬೇಕೋ ಅವರೊಬ್ಬರೂ ಬರಲಾಗದ ಗಳಿಗೆಯನ್ನು ಪಂಚಾಂಗ ನೋಡಿ ತೆಗೆದ ಹಾಗಿತ್ತು. ಬಂದವರು ಪಿಂಚಣಿದಾರರು, ಕಂಟ್ರಾಕ್ಟರ್ ಕಡೆಯ ನಾಲ್ಕು ಜನ, ಒಬ್ಬ ಫೋಟೊ ತೆಗೆಯುವ ಹುಡುಗ.

ನೋಟಿಸ್ ಎಲ್ಲಿ ಹಾಕಿದ್ದಿರಿ ಅಂತ ಕೇಳಿದೆ. ವಾರ್ಡ್ ಆಫೀಸಿನ ಒಳಗೋಡೆಗೆ ಅಂಟಿಸಿದ್ದರಂತೆ. ಆಫೀಸಿಗೆ ವಾರವಿಡೀ ಬೀಗ. ಸಾರ್ವಜನಿಕ ಪ್ರಕಟಣೆ ಅಂದರೆ ಇದೇ.

ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿದ್ದರು. ಸಹಿ ಹಾಕಿದವರಿಗೆ ಕಾಫಿ ಮತ್ತು ಖಾರ ಬನ್. ಹಾಕಿದೆ. ಆ ಸಹಿಯ ಕಥೆ ಆಮೇಲೆ ಹೇಳುತ್ತೇನೆ.

ಎಂಜಿನಿಯರ್ ಸಾಹೇಬರು ಪರದೆಯ ಮೇಲೆ ಚಿತ್ರ ತೋರಿಸಿದರು. ನಮ್ಮದೇ ಮೈದಾನ. ಅದರಲ್ಲಿ ಯಾರೋ ಬಿಳಿಯರು ನಾಯಿ ಹಿಡಿದು ಅಡ್ಡಾಡುತ್ತಿದ್ದರು. ನಮ್ಮ ಬೀದಿಯ ಒಬ್ಬ ಹುಡುಗನೂ ಇರಲಿಲ್ಲ. ಒಂದು ಕಡೆ ಬಹುಮಹಡಿ ಪಾರ್ಕಿಂಗ್. ಇನ್ನೊಂದು ಕಡೆ ಸಮುದಾಯ ಭವನ. ನಡುವೆ ಹುಲ್ಲು ಕಿತ್ತು ಹಾಸಿದ ಪ್ಲಾಸ್ಟಿಕ್ ಹುಲ್ಲು, ಗಂಟೆಗಿಷ್ಟು ಬಾಡಿಗೆ. ಮೂಲೆಯಲ್ಲಿ ಕಾರಂಜಿ.

‘ಹುಡುಗರು ಆಡೋಕೆ ಎಷ್ಟು ಜಾಗ ಉಳೀತು?’ ಅಂದೆ.

‘ಸುತ್ತ ಸೆಟ್‌ಬ್ಯಾಕ್ ಇದೆಯಲ್ಲ ಸಾರ್’ ಅಂದರು.

ಆಮೇಲೆ ಜನಾಭಿಪ್ರಾಯ ಶುರುವಾಯಿತು. ಕಾಂಪೌಂಡಿಗೆ ಹಸಿರು ಬಣ್ಣವೋ ನೀಲಿಯೋ? ಬೆಂಚು ಗ್ರಾನೈಟಿನದೋ ಸಿಮೆಂಟಿನದೋ? ಕಾರಂಜಿಯ ಲೈಟು ಒಂದೇ ಬಣ್ಣವೋ, ಬದಲಾಗುತ್ತಿರಬೇಕೋ? ಪಾರ್ಕಿಂಗ್ ಕಟ್ಟಡ ಬೇಕೇ ಬೇಡವೇ ಅನ್ನುವ ಪ್ರಶ್ನೆ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಅದರ ಟೆಂಡರ್ ಆಗಿಹೋಗಿತ್ತು.

ಕುರಿ ಕೇಳಿ ಮಸಾಲೆ ಅರೀತಾರಾ ಅನ್ನುವುದು ಹಳೆಯ ಗಾದೆ. ಗಾದೆ ಸುಳ್ಳಾಯಿತು. ಈಗ ಕೇಳುತ್ತಾರೆ. ಧನಿಯಾ ಸ್ವಲ್ಪ ಜಾಸ್ತಿ ಇರಲಾ ಅಂತ ಕುರಿಯನ್ನೇ ವಿನಯದಿಂದ ವಿಚಾರಿಸುತ್ತಾರೆ. ಕುರಿಯ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ.

‘ಇದನ್ನು ಹೀಗೇ ಬಿಡೋಕಾಗಲ್ವಾ?’ ಅಂತ ಎದ್ದು ಕೇಳಿದೆ. ಸಾಹೇಬರು ನನ್ನನ್ನು ಕನಿಕರದಿಂದ ನೋಡಿದರು. ‘ಖಾಲಿ ಬಿಟ್ಟರೆ ಒತ್ತುವರಿ ಆಗುತ್ತೆ ಸಾರ್.’

ಸರಿ. ಕಳ್ಳ ಬರುವ ಮೊದಲು ಕಾವಲುಗಾರನೇ ಹೊತ್ತೊಯ್ದರೆ ಕಳವಿನ ಭಯವೇ ಇಲ್ಲ.

ಕನ್ನಡದಲ್ಲಿ ಬಯಲು ಅನ್ನುವ ಮಾತಿದೆ. ಶರಣರು ಅದರಲ್ಲಿ ಪರಮಾರ್ಥವನ್ನೇ ಕಂಡರು. ಪಾಲಿಕೆಯವರು ಖಾಲಿ ಸೈಟನ್ನು ಕಂಡರು. ಬಯಲಿಗೆ ಎಸ್ಟಿಮೇಟ್ ಬರೆಯಲಾಗುವುದಿಲ್ಲ. ತಾನಾಗಿ ಬೆಳೆದ ಹುಲ್ಲಿಗೆ ಬಿಲ್ ಆಗುವುದಿಲ್ಲ. ಕಾಂಕ್ರೀಟಿಗೆ ಆಗುತ್ತದೆ, ಅದು ಬಿರುಕು ಬಿಟ್ಟರೆ ದುರಸ್ತಿಗೂ ಆಗುತ್ತದೆ. ಬೆಂಗಳೂರಿನ ಬಯಲುಗಳು ಯಾಕೆ ಉಳಿಯುವುದಿಲ್ಲ ಅನ್ನುವುದಕ್ಕೆ ಬೇರೆ ಸಂಶೋಧನೆ ಬೇಡ.

ಕಾನೂನು ಇಲ್ಲವೇ? ಧಾರಾಳವಾಗಿದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳಿಗೆಂದೇ 1985ರಲ್ಲಿ ರಾಜ್ಯ ಒಂದು ಕಾಯ್ದೆ ಮಾಡಿತು. ಅದರ ಹೆಸರಲ್ಲೇ ಸಂರಕ್ಷಣೆಯೂ ಇದೆ, ನಿಯಂತ್ರಣವೂ ಇದೆ. ಸಂರಕ್ಷಣೆ ಕಡತಕ್ಕೆ ಸಿಕ್ಕಿತು. ನಿಯಂತ್ರಣ ಮಕ್ಕಳಿಗೆ ಸಿಕ್ಕಿತು. ಬಿಡಿಎ ಬಡಾವಣೆ ಮಾಡಿದರೆ ನೂರಕ್ಕೆ 15 ಭಾಗ ಪಾರ್ಕು, ಮೈದಾನಗಳಿಗೆ ಬಿಡಬೇಕು, ನಾಗರಿಕ ಸೌಲಭ್ಯದ ಸಿಎ ಸೈಟಿಗೆ ಇನ್ನೂ 10 ಭಾಗ ಬೇರೆ ಅಂತ ಅದರ ಕಾಯ್ದೆಯೇ ಹೇಳುತ್ತದೆ. ನಕ್ಷೆಯಲ್ಲಿ ಬಿಟ್ಟಿರುತ್ತಾರೆ. ನಕ್ಷೆಯಲ್ಲಿ ಆಟ ಆಡಿಕೊಳ್ಳಬಹುದು.

ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಮುಖ್ಯಮಂತ್ರಿಯ ಸೂಚನೆಯ ಮೇಲೆ ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಗೆದ್ದರು. ಪಾರ್ಕು ಪಾರ್ಕಾಗಿಯೇ ಇರಲಿ ಅನ್ನುವ ಮೂರು ಪದ ಕೇಳಿಸಿಕೊಳ್ಳಲು ದೆಹಲಿಗೆ ಹೋಗಬೇಕು. ನಮ್ಮ ವಾರ್ಡ್ ಆಫೀಸು ಅದಕ್ಕಿಂತ ದೂರ.

ಬರೆದು ಕೊಡಿ ಅನ್ನುತ್ತಾರೆ. ಬರೆದೂ ನೋಡಿದ್ದೇವೆ. 2017ರ ಕೊನೆಗೆ 2031ರ ಮಾಸ್ಟರ್ ಪ್ಲಾನ್ ಕರಡು ಬಂತು, ಆಕ್ಷೇಪಣೆ ಹೇಳಿ ಅಂದರು. ಹತ್ತು ಸಾವಿರಕ್ಕೂ ಮಿಕ್ಕಿ ಆಕ್ಷೇಪಣೆ ಬಂದವು. ಎಲ್ಲವನ್ನೂ ಕಟ್ಟಿ ಇಟ್ಟರು. 2020ರಲ್ಲಿ ಕರಡನ್ನೇ ವಾಪಸು ತೆಗೆದುಕೊಂಡರು. ಊರು ಮತ್ತೆ 2007ರಲ್ಲಿ ಹೊರಟ ನಕ್ಷೆಗೇ ಜೋತುಬಿತ್ತು. ಆ ನಕ್ಷೆಯ ಹೆಸರಲ್ಲೇ 2015 ಅಂತಿದೆ.

ಕಾರ್ಪೊರೇಟರನ್ನು ಹಿಡಿಯೋಣ ಅಂದಿರಾ? ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರಿಗೆ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಆಡಳಿತಾಧಿಕಾರಿಗಳದೇ ದರ್ಬಾರು. 2025ರ ಸೆಪ್ಟೆಂಬರಿನಲ್ಲಿ ಚುನಾವಣೆಯ ಬದಲು ಪಾಲಿಕೆಯನ್ನೇ ಐದು ಹೋಳು ಮಾಡಿದರು. ಐದು ವರ್ಷ ನಮ್ಮ ವೋಟು ಕೇಳಲು ಪುರುಸೊತ್ತಾಗದವರು ಕಾಂಪೌಂಡಿನ ಬಣ್ಣ ಕೇಳಲು ಓಡಿ ಬರುತ್ತಾರೆ.

ನಾವೇನು ಸಾಚಾಗಳಲ್ಲ. ಸಭೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಎದ್ದರು. ಚೆಂಡು ಆಡಬಾರದು, ಓಡಬಾರದು, ಹುಲ್ಲು ತುಳಿಯಬಾರದು, ಜೋಡಿಗಳು ಕೂರಬಾರದು ಅಂತ ಬೋರ್ಡು ಬೇಕಂತೆ. ಜೋರು ಚಪ್ಪಾಳೆ. ಇನ್ನೊಬ್ಬರ ಮನೆಯಲ್ಲಿ ಮೂರು ಕಾರಿವೆ, ಗ್ಯಾರೇಜ್ ಇಲ್ಲ. ಗ್ಯಾರೇಜಿನ ಜಾಗದಲ್ಲಿ ಅಂಗಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಪಾರ್ಕಿಂಗ್ ಕಟ್ಟಡ ಊರಿನ ಅಭಿವೃದ್ಧಿ ಅಂದವರು ಅವರೇ.

ಅದೇ ಸಂಜೆ ಇಬ್ಬರೂ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಸಂದೇಶ ಹಂಚಿದರು. ಈಗಿನ ಮಕ್ಕಳು ಮೊಬೈಲ್ ಬಿಟ್ಟು ಹೊರಗೆ ಬರುವುದೇ ಇಲ್ಲವಂತೆ. ಎಲ್ಲಿಗೆ ಬರಬೇಕು, ನಿಮ್ಮ ಕಾರಿನ ಮೇಲಕ್ಕಾ?

ಈಗ ಸಹಿಯ ಕಥೆ. ಸಭೆಯ ನಡಾವಳಿ ಕೊಡಿ ಅಂದೆ. ಕೊಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಬಂತು. ‘ಹಾಜರಿದ್ದ ಎಲ್ಲ ನಾಗರಿಕರು ಯೋಜನೆಯನ್ನು ಸರ್ವಾನುಮತದಿಂದ ಸ್ವಾಗತಿಸಿದರು. ಅಹವಾಲು ಆಲಿಸಲಾಗಿದೆ.’ ಇಷ್ಟೇ. ಕೆಳಗೆ ಸಾಕ್ಷಿಗೆ ಸಹಿಗಳ ಪಟ್ಟಿ. ಹದಿನಾಲ್ಕನೆಯದು ನನ್ನದು. ಸಹಿಯ ಮೇಲೆ ಖಾರ ಬನ್ನಿನ ಎಣ್ಣೆಯ ಕಲೆಯೂ ಇತ್ತು. ಅಷ್ಟು ಪ್ರಾಮಾಣಿಕ ದಾಖಲೆ.

ಈಗ ಮೈದಾನಕ್ಕೆ ಗೇಟಿದೆ. ಗೇಟಿಗೆ ಬೀಗ ಇದೆ. ಕಾಂಪೌಂಡಿಗೆ ಹಸಿರು ಬಣ್ಣ ಬಳಿದಿದ್ದಾರೆ, ಬಹುಮತದ ತೀರ್ಮಾನ. ಹುಡುಗರು ಗೇಟಿನ ಹೊರಗೆ ರಸ್ತೆಯಲ್ಲಿ ಆಡುತ್ತಾರೆ. ಇಟ್ಟಿಗೆಯೇ ವಿಕೆಟ್, ಒನ್ ಪಿಚ್ ಔಟ್. ಆಟೊ ಬಂದರೆ ಇಟ್ಟಿಗೆ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಾರೆ, ಹೋದ ಮೇಲೆ ಮತ್ತೆ ಇಡುತ್ತಾರೆ. ಚೆಂಡು ಕಾಂಪೌಂಡಿನ ಒಳಗೆ ಬಿದ್ದರೆ ಆಟ ಮುಗಿಯಿತು.

ನಿಮ್ಮ ವಾರ್ಡಿಗೂ ಇಂಥ ಸಭೆ ಬರುತ್ತದೆ. ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಆಕ್ಷೇಪಣೆಯನ್ನು ಮನೆಯಲ್ಲೇ ಬರೆದು ಒಯ್ಯಿರಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಬಾಗಿಲಲ್ಲಿ ಪುಸ್ತಕ ಚಾಚಿದರೆ ಸಹಿಯ ಪಕ್ಕದಲ್ಲೇ ‘ಆಕ್ಷೇಪಣೆ ಇದೆ’ ಅಂತ ಎರಡು ಪದ ಬರೆಯಿರಿ.

ಬನ್ ಆಮೇಲೆ ತಿನ್ನಿ.