ಚಿತ್ರಾಭಾವ ಮೀಮಾಂಸೆ: ಹೆಲ್ಸಿಂಕಿ ಖಂಡ

ಗ್ರಂಥದ ಮೊದಲಲ್ಲೇ ಅನುಬಂಧ ಚತುಷ್ಟಯ ಹೇಳದವನನ್ನು ಯಾರೂ ಪಂಡಿತನೆನ್ನುವುದಿಲ್ಲ. ಆದ್ದರಿಂದ ಹೇಳಿಬಿಡುತ್ತೇವೆ. ವಿಷಯ: ಊರ ದುಡ್ಡಿನಲ್ಲಿ ಕಲಾ ಸಂಗ್ರಹಾಲಯ ಕಟ್ಟಬೇಕೋ ಬೇಡವೋ ಎಂಬ ಜಗಳ. ಪ್ರಯೋಜನ: ಜಗಳ ಬಿಡಿಸುವುದಲ್ಲ, ಅದನ್ನು ವಿಂಗಡಿಸಿ ಹೆಸರಿಡುವುದು. ಅಧಿಕಾರಿ: ತೆರಿಗೆ ಕಟ್ಟಿ, ಒಮ್ಮೆಯಾದರೂ ಸಂಗ್ರಹಾಲಯದ ಬಾಗಿಲವರೆಗೆ ಹೋಗಿ, ಹೊರಗಡೆಯೇ ಕಾಫಿ ಕುಡಿದು ವಾಪಸು ಬಂದವನು. ಇನ್ನು ಸಂಬಂಧ. ಈ ಜಗಳಕ್ಕೂ ಚಿತ್ರಕಲೆಗೂ ಏನು ಸಂಬಂಧವೆಂದು ಗ್ರಂಥದುದ್ದಕ್ಕೂ ಹುಡುಕಿದ್ದೇವೆ.

ಹುಡುಕಾಟಕ್ಕೆ ಫಿನ್ಲೆಂಡಿನ ಹೆಲ್ಸಿಂಕಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಬೇರೆ ಊರುಗಳಲ್ಲಿ ಜಗಳ ಹದಕ್ಕೆ ಬರುವಷ್ಟರಲ್ಲಿ ಕಟ್ಟಡ ಎದ್ದು ನಿಂತು ವಾದವನ್ನೆಲ್ಲ ಹಾಳು ಮಾಡಿಬಿಡುತ್ತದೆ. ಹೆಲ್ಸಿಂಕಿಯವರು 2011ರಿಂದ 2016ರವರೆಗೆ ವಾದಿಸಿ, ಒಂದು ಕಲ್ಲನ್ನೂ ನೆಡದೆ ಮುಗಿಸಿದರು. ಇಷ್ಟು ಕಲಬೆರಕೆಯಿಲ್ಲದ ವಾದ ಶಾಸ್ತ್ರಕಾರನಿಗೆ ಜನ್ಮಕ್ಕೊಮ್ಮೆ ಸಿಗುವುದು.

ಇತಿವೃತ್ತವನ್ನು ಬೇಗ ಹೇಳಿ ಮುಗಿಸುತ್ತೇವೆ. 2011ರ ಜನವರಿಯಲ್ಲಿ ಮೇಯರ್ ಯುಸ್ಸಿ ಪಾಯುನೆನ್ ಅವರ ಆಡಳಿತ, ಹೆಲ್ಸಿಂಕಿಗೆ ಗುಗನ್‌ಹೈಮ್ ಸಂಗ್ರಹಾಲಯ ಒಪ್ಪುತ್ತದೆಯೇ ಎಂದು ಅಧ್ಯಯನ ಮಾಡಿಸಿತು. ಅಧ್ಯಯನ ಮಾಡಿದವರು ನ್ಯೂಯಾರ್ಕಿನ ಗುಗನ್‌ಹೈಮ್ ಪ್ರತಿಷ್ಠಾನದವರೇ. ಅವರು ಒಂದು ವರ್ಷ ಕೂಲಂಕಷವಾಗಿ ಪರಿಶೀಲಿಸಿ, ಒಪ್ಪುತ್ತದೆ ಎಂದರು. 2012ರ ಮೇ ತಿಂಗಳಲ್ಲಿ ನಗರದ ಆಡಳಿತ ಮಂಡಳಿ 8–7 ಮತಗಳಿಂದ ಬೇಡವೆಂದಿತು. ಒಂದೇ ಮತದ ಸೋಲನ್ನು ಸೋಲೆಂದು ಒಪ್ಪಿಕೊಳ್ಳುವ ಪದ್ಧತಿ ಯಾವ ದೇಶದಲ್ಲೂ ಇಲ್ಲವಾದ್ದರಿಂದ 2013ರಲ್ಲಿ ಹೊಸ ಪ್ರಸ್ತಾವ ಬಂತು. 2014ರಲ್ಲಿ ವಾಸ್ತುವಿನ್ಯಾಸ ಸ್ಪರ್ಧೆ ನಡೆದು 1,715 ನಕ್ಷೆಗಳು ಬಂದು ಬಿದ್ದವು. ಗೆದ್ದದ್ದು ಪ್ಯಾರಿಸ್ಸಿನ ಮೊರೋ ಕುಸುನೊಕಿ ಸಂಸ್ಥೆ: ಒಂಬತ್ತು ಮಂಟಪಗಳು, ದೀಪಸ್ತಂಭದಂಥ ಒಂದು ಗೋಪುರ, ಎಲ್ಲದಕ್ಕೂ ಸುಟ್ಟು ಕಪ್ಪಾಗಿಸಿದ ಮರದ ಹೊದಿಕೆ. ಹೊಗೆ ಕಂಡು ಬೆಂಕಿಯನ್ನು ಊಹಿಸುವ ನಮ್ಮ ತರ್ಕಶಾಸ್ತ್ರಕ್ಕೆ ಇದಕ್ಕಿಂತ ಅನುಕೂಲವಾದ ಕಟ್ಟಡ ಇನ್ನೊಂದಿಲ್ಲ.

ಈಗ ಪ್ರಮಾಣ, ಅಂದರೆ ತಿಳಿವಿನ ಸಾಧನದ, ವಿಚಾರ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ನಾಲ್ಕಕ್ಕೇ ನಿಲ್ಲಿಸಿದರು. ಪಾಪ, ಅವರ ಕಾಲದಲ್ಲಿ ಸಲಹಾವರದಿ ಇರಲಿಲ್ಲ. ಉಳಿದ ಪ್ರಮಾಣಗಳಲ್ಲಿ ಪರೀಕ್ಷೆ ಮೊದಲು, ನಿರ್ಣಯ ಆಮೇಲೆ. ಇದರಲ್ಲಿ ನಿರ್ಣಯ ಮೊದಲು, ಬಿಲ್ಲು ಆಮೇಲೆ, ಪರೀಕ್ಷೆ ಅನುಕೂಲ ನೋಡಿಕೊಂಡು. ವರ್ಷಕ್ಕೆ ಐದೂವರೆ ಲಕ್ಷ ಮಂದಿ ಬರುತ್ತಾರೆಂದು ವರದಿ ಲೆಕ್ಕ ಹಾಕಿತ್ತು. ಆಗ ಹೆಲ್ಸಿಂಕಿಯ ಜನಸಂಖ್ಯೆ ಆರು ಲಕ್ಷ ಚಿಲ್ಲರೆ. ಹಾಸಿಗೆ ಹಿಡಿದವರನ್ನೂ ಕೈಗೂಸುಗಳನ್ನೂ ಕಳೆದರೆ ಲೆಕ್ಕ ಸರಿಯಾಗಿ ಕೂರುತ್ತದೆ. (ಪ್ರವಾಸಿಗರೂ ಬರುತ್ತಾರಲ್ಲ ಎಂದು ಶಿಷ್ಯ ತಕರಾರೆತ್ತಿದ. ಸಂಖ್ಯೆ ಚೆನ್ನಾಗಿ ಕೂತಿರುವಾಗ ಅದನ್ನು ಅಲುಗಾಡಿಸಬಾರದೆಂದು ಗದರಿದೆವು.)

ಪರ ಪಕ್ಷದ ಪಂಚಾವಯವ ವಾಕ್ಯ ಇಂತಿದೆ. ಹೆಲ್ಸಿಂಕಿ ಉದ್ಧಾರವಾಗುತ್ತದೆ, ಇದು ಪ್ರತಿಜ್ಞೆ. ಗುಗನ್‌ಹೈಮ್ ಬರುವುದರಿಂದ, ಇದು ಹೇತು. ಎಲ್ಲೆಲ್ಲಿ ಗುಗನ್‌ಹೈಮೋ ಅಲ್ಲಲ್ಲಿ ಉದ್ಧಾರ, ಬಿಲ್ಬಾವೊದಲ್ಲಿ ಹೇಗೋ ಹಾಗೆ, ಇದು ಉದಾಹರಣೆ. ಉಳಿದೆರಡು ಅವಯವಗಳನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಬಿಲ್ಬಾವೊ ಎಂದೊಡನೆ ಸಭೆ ತಲೆದೂಗಿತ್ತು. ಸ್ಪೇನಿನ ಬಾಸ್ಕ್ ಸೀಮೆಯ ಆ ಊರು ಉಕ್ಕಿನ, ಹಡಗಿನ ಕಾರ್ಖಾನೆಗಳು ಸೊರಗಿ ಮಂಕಾಗಿತ್ತು. ಅಲ್ಲಿನ ಪ್ರಾಂತ ಸರ್ಕಾರ ದುಡ್ಡು ಸುರಿಯಿತು, ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಟೈಟಾನಿಯಂ ಹೊದಿಸಿ ಗುಗನ್‌ಹೈಮ್ ಕಟ್ಟಿದರು, 1997ರಲ್ಲಿ ಬಾಗಿಲು ತೆರೆದದ್ದೇ ತಡ ಜನ ಮುಗಿಬಿದ್ದರು. ಅಂದಿನಿಂದ ಭೂಮಂಡಲದ ಮೇಯರುಗಳೆಲ್ಲ ಬಿಲ್ಬಾವೊಗೆ ಹೋಗಿ ನದೀತೀರದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಬರುತ್ತಿದ್ದಾರೆ.

ಇಲ್ಲಿ ತರ್ಕಶಾಸ್ತ್ರದ ಕುಂಬಾರನ ಕತ್ತೆಯನ್ನು ನೆನೆಯಬೇಕು. ಮಡಕೆಗೆ ಕುಂಬಾರ ಕಾರಣ, ತಿಗರಿ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಕಾರಣವೇ? ಅಲ್ಲ, ಕತ್ತೆಯಿಲ್ಲದಿದ್ದರೂ ಮಣ್ಣು ಬರುತ್ತಿತ್ತು. ಅದಕ್ಕೆ ಅನ್ಯಥಾಸಿದ್ಧವೆಂದು ಹೆಸರು. ಬಿಲ್ಬಾವೊದವರು ಅದೇ ದಶಕದಲ್ಲಿ ನಾರ್ಮನ್ ಫಾಸ್ಟರ್ ವಿನ್ಯಾಸದ ಮೆಟ್ರೊ ಓಡಿಸಿದ್ದರು, ನದಿ ತೊಳೆದಿದ್ದರು, ಬಂದರನ್ನು ಸಮುದ್ರದ ಕಡೆಗೆ ಸರಿಸುತ್ತಿದ್ದರು, ವಿಮಾನ ನಿಲ್ದಾಣಕ್ಕೆ ಹೊಸ ಕಟ್ಟಡ ಕಟ್ಟಿಸುತ್ತಿದ್ದರು. ಇವುಗಳ ನಡುವೆ ಸಂಗ್ರಹಾಲಯ ತಿಗರಿಯೋ ಕತ್ತೆಯೋ? ಈ ಪ್ರಶ್ನೆಗೆ ಯಾವ ವರದಿಯಲ್ಲೂ ನೇರ ಉತ್ತರವಿರದು. ತಿಗರಿ, ಚರಂಡಿ, ಮೆಟ್ರೊ ಇವುಗಳ ಫೋಟೊ ಚೆನ್ನಾಗಿ ಬರುವುದಿಲ್ಲ. ಹೊಳೆಯುವ ಕತ್ತೆಯೇ ಎಲ್ಲ ಕ್ಯಾಲೆಂಡರಿನಲ್ಲೂ ನಿಲ್ಲುತ್ತದೆ.

ಹೇತುವಿನಲ್ಲಿ ಸವ್ಯಭಿಚಾರ ದೋಷವೂ ಇದೆ, ಅಂದರೆ ಹೇತು ಇದ್ದೂ ಫಲ ತಪ್ಪುತ್ತದೆ. ಇದೇ ಗುಗನ್‌ಹೈಮ್ 2001ರಲ್ಲಿ ಲಾಸ್ ವೇಗಸ್ಸಿನ ಒಂದು ಕ್ಯಾಸಿನೊ ಹೋಟೆಲಿನೊಳಗೆ ಎರಡು ಶಾಖೆ ತೆರೆಯಿತು. ದೊಡ್ಡದು ಎರಡು ವರ್ಷ ತುಂಬುವ ಮೊದಲೇ ಮುಚ್ಚಿತು, ಚಿಕ್ಕದು 2008ರವರೆಗೆ ಉಸಿರು ಹಿಡಿದಿತ್ತು. ಜೂಜಿನ ಮೇಜು ಪಕ್ಕದಲ್ಲಿರುವಾಗ ಚಿತ್ರ ನೋಡಲು ಹೋಗುವವನು ಸೋತವನೇ ಇರಬೇಕು, ಅವನ ಹತ್ತಿರ ಟಿಕೆಟ್ಟಿಗೆ ಕಾಸಿರಲಾರದು. ಸಾಲ್ಜ್‌ಬರ್ಗ್, ರಿಯೊ, ಗ್ವಾದಲಹಾರಾಗಳಲ್ಲಿ ನಕ್ಷೆಯ ಹಂತದಲ್ಲೇ ಹೊಗೆ ಆರಿತು.

ನಾಮಮಹಿಮೆಯ ವಿಚಾರವನ್ನು ಬಿಡುವಂತಿಲ್ಲ. ದೇವರಿಗಿಂತ ದೇವರ ಹೆಸರೇ ದೊಡ್ಡದೆಂದು ನಮ್ಮ ದಾಸರು ಸಾರಿದರು. ಆದರೆ ಹೆಸರಿಗೆ ಕಾಸು ಕೇಳಲಿಲ್ಲ. ಹೆಲ್ಸಿಂಕಿಯಲ್ಲಿ ಗುಗನ್‌ಹೈಮ್ ಎಂಬ ನಾಮವನ್ನು ಬಳಸಲು 2 ಕೋಟಿ ಡಾಲರ್ ಪರವಾನಗಿ ಶುಲ್ಕ. ಅದನ್ನು ಖಾಸಗಿ ದಾನಿಗಳು ಕೊಡುತ್ತಾರೆ, ಊರವರು ಕೊಡಬೇಕಿಲ್ಲ ಎಂದು ಸಮಾಧಾನ ಹೇಳಲಾಯಿತು. ಕಟ್ಟಡದ ಅಂದಾಜು 13 ಕೋಟಿ ಯೂರೊ.

ಇನ್ನು ವಿರೋಧ ಪಕ್ಷ. ಇದರ ಮುಖ್ಯ ಹೇತು ಒಂದೇ: ದುಡ್ಡಿಲ್ಲ. ಶಿಶುವಿಹಾರಕ್ಕಿಲ್ಲ, ಮುದುಕರ ಆರೈಕೆಗಿಲ್ಲ, ಇರುವ ಸಂಗ್ರಹಾಲಯಗಳಿಗೇ ಇಲ್ಲ. ಬಡವರ ನೆನಪು ನಗರಗಳಿಗೆ ಬರುವುದು ಎರಡೇ ಸಂದರ್ಭದಲ್ಲಿ: ಚುನಾವಣೆಯಲ್ಲಿ, ಸಂಗ್ರಹಾಲಯದ ಪ್ರಸ್ತಾವ ಬಂದಾಗ. ಹಾಗೆಂದು ವಿರೋಧಿಗಳೆಲ್ಲ ಕಲಾದ್ವೇಷಿಗಳೆಂದು ತಿಳಿದರೆ ತಪ್ಪು. ಫಿನ್ಲೆಂಡಿನ ಕಲಾವಿದರೇ ಎಷ್ಟೋ ಮಂದಿ ಎದುರು ನಿಂತರು. ಅಮೆರಿಕದ ವಾಸ್ತುಶಿಲ್ಪಿ ಮೈಕೆಲ್ ಸಾರ್ಕಿನ್ ಮುಂದಾಳತ್ವದಲ್ಲಿ ಪ್ರತಿಸ್ಪರ್ಧೆಯೊಂದನ್ನೇ ಏರ್ಪಡಿಸಿ, ಗುಗನ್‌ಹೈಮಿಗೆ ಗೊತ್ತುಮಾಡಿದ್ದ ದಕ್ಷಿಣ ಬಂದರಿನ ಜಾಗದಲ್ಲಿ ಇನ್ನೇನು ಮಾಡಬಹುದೆಂದು ನೂರಾರು ಯೋಜನೆ ತರಿಸಿದರು. ಕಾರು ನಿಲ್ಲಿಸುತ್ತಿದ್ದ ಜಾಗದ ಮೇಲೆ ಇಷ್ಟು ಪ್ರತಿಭೆ ಖರ್ಚಾದ ಇನ್ನೊಂದು ನಿದರ್ಶನ ನಮಗೆ ತಿಳಿಯದು.

ಇರುವುದೇ ಸಾಕು ಎನ್ನುವವರು ಹೆಲ್ಸಿಂಕಿಯ ಕಿಯಾಸ್ಮಾ ಕಡೆ ಬೆರಳು ತೋರಿಸಬಹುದು. 1998ರಲ್ಲಿ ತೆರೆದ ಈ ಸಮಕಾಲೀನ ಕಲಾ ಸಂಗ್ರಹಾಲಯ ಮಾರ್ಷಲ್ ಮನ್ನರ್‌ಹೈಮರ ಅಶ್ವಾರೋಹಿ ಪ್ರತಿಮೆಯ ಪಕ್ಕದಲ್ಲಿ ಏಳುತ್ತದೆಂದು ಹಳೆಯ ಯೋಧರು ಸಿಟ್ಟಾಗಿದ್ದರು. ಅಂದು ಬೇಡವಾಗಿದ್ದ ಸಂಗ್ರಹಾಲಯವೇ ಇಂದು ಇನ್ನೊಂದು ಬೇಡವೆನ್ನಲು ಆಧಾರ. ಕುದುರೆ ಮಾತ್ರ ಎರಡೂ ಜಗಳದಲ್ಲಿ ತಟಸ್ಥ.

ಆದರೆ ದುಡ್ಡಿಲ್ಲವೆಂಬ ಹೇತುವೂ ಅಸಿದ್ಧವೇ. 2016ರ ಸೆಪ್ಟೆಂಬರಿನಲ್ಲಿ, ದೇಶದ ಸಮ್ಮಿಶ್ರ ಸರ್ಕಾರದಲ್ಲಿದ್ದ ಫಿನ್ಸ್ ಪಕ್ಷ ಅಡ್ಡಬಂದು ಸರ್ಕಾರದ ಪಾಲಿನ 4 ಕೋಟಿ ಯೂರೊ ನಿಂತಿತು. ನಗರದ ಪಾಲು 8 ಕೋಟಿ ಎಂದು ತಿದ್ದಿದ ಪ್ರಸ್ತಾವ ನವೆಂಬರ್ ಕೊನೆಗೆ ನಗರಸಭೆಗೆ ಬಂತು. 85 ಕುರ್ಚಿಗಳ ಸಭೆ, 53–32, ಬೇಡ. ಒಂದು ಮತವೂ ಪೋಲಾಗಲಿಲ್ಲ. ಎರಡು ವರ್ಷ ಕಳೆಯುತ್ತಿದ್ದಂತೆ ಅದೇ ಊರಿನಲ್ಲಿ ಸುಮಾರು 10 ಕೋಟಿ ಯೂರೊ ವೆಚ್ಚದ ಓದಿ ಎಂಬ ಕೇಂದ್ರ ಗ್ರಂಥಾಲಯ ತೆರೆಯಿತು. ಅಂದರೆ ದುಡ್ಡು ಇತ್ತು. ಗ್ರಂಥಾಲಯದಿಂದ ಪುಸ್ತಕ ಮನೆಗೆ ತರಬಹುದು, ಹೊಲಿಗೆ ಯಂತ್ರ ಬಳಸಬಹುದು, ಚಳಿಗೆ ಕೂರಬಹುದು. ಊರವರಿಗೆ ಅದು ತಮ್ಮದೆನಿಸಿತು. ಗುಗನ್‌ಹೈಮ್ ಬೀಗರಮನೆಯವರ ಕಟ್ಟಡ ಎನಿಸಿತ್ತು. ಜಗಳದ ನಿಜವಾದ ಹೇತು ಇಷ್ಟೇ ಎಂದು ನಮ್ಮ ಮತ. ಆದರೆ ಇಷ್ಟನ್ನೇ ಹೇಳಿದರೆ ಶಾಸ್ತ್ರವಾಗುವುದಿಲ್ಲ.

2018ರಲ್ಲಿ ಆಮೋಸ್ ರೆಕ್ಸ್ ಎಂಬ ಕಲಾ ಸಂಗ್ರಹಾಲಯವೂ ತೆರೆಯಿತು, ಖಾಸಗಿ ದುಡ್ಡಿನಲ್ಲಿ. ಯಾರ ಕಣ್ಣಿಗೂ ಬೀಳದಿರಲಿ ಎಂದೋ ಏನೋ, ಅದನ್ನು ನೆಲದಡಿಯಲ್ಲೇ ಕಟ್ಟಿದರು.

ಈಗ ಸಿದ್ಧಾಂತ. ಇಷ್ಟುದ್ದ ವಾದದಲ್ಲಿ ಹೋಟೆಲು ಬಂತು, ವಿಮಾನ ಬಂತು, ತೆರಿಗೆ, ಶಿಶುವಿಹಾರ, ಕಾರು, ಕತ್ತೆ, ಕುದುರೆ ಎಲ್ಲ ಬಂದವು. ಚಿತ್ರ? ಯಾವ ಚಿತ್ರಕಾರನ ಯಾವ ಕೃತಿ ಯಾವ ಗೋಡೆಗೆ ಬರುತ್ತದೆ, ಅದನ್ನು ನೋಡಿದವನಿಗೆ ಏನಾಗುತ್ತದೆ ಎಂಬ ಮಾತು ಎರಡೂ ಪಕ್ಷದವರ ಬಾಯಲ್ಲಿ ದುರ್ಲಭ. ಇಲ್ಲದಿರುವುದನ್ನು ಇಲ್ಲವೆಂದು ತಿಳಿಸುವ ಪ್ರಮಾಣಕ್ಕೆ ಮೀಮಾಂಸಕರು ಅನುಪಲಬ್ಧಿ ಎಂದು ಹೆಸರಿಟ್ಟಿದ್ದಾರೆ. ಮೇಜಿನ ಮೇಲೆ ಗಡಿಗೆ ಕಾಣಿಸದಿದ್ದರೆ ಗಡಿಗೆಯಿಲ್ಲ. ಚರ್ಚೆಯಲ್ಲಿ ಚಿತ್ರ ಕಾಣಿಸದಿದ್ದರೆ ಚಿತ್ರವಿಲ್ಲ. ಇದ್ದ ಚಿತ್ರಗಳೆಂದರೆ ಆ 1,715 ನಕ್ಷೆಗಳೇ. ಅವನ್ನೇ ತೂಗುಹಾಕಿದ್ದರೆ ಒಂದು ಸಂಗ್ರಹಾಲಯ ತುಂಬಿ, ಉಳಿದದ್ದು ಉಗ್ರಾಣಕ್ಕೂ ಆಗುತ್ತಿತ್ತು.

ನಮ್ಮಲ್ಲಿ ಇಂಥ ಶಾಸ್ತ್ರವಿಲ್ಲವೇ ಎಂದು ಕನ್ನಡಿಗರು ಕೊರಗಬೇಕಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ಸರ್ಕಾರಿ ವೆಂಕಟಪ್ಪ ಕಲಾಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದರ ನೆರವಿನಿಂದ ಹೊಸದಾಗಿಸಲು 2015ರಲ್ಲಿ ಸರ್ಕಾರ ಒಪ್ಪಂದ ಮಾಡಿಕೊಂಡಾಗ ಕಲಾವಿದರು ಬೀದಿಗಿಳಿದರು. ಅವರ ಹೆಸರಿಗೆ ನಮ್ಮ ದುಡ್ಡೇಕೆ ಎಂದು ಹೆಲ್ಸಿಂಕಿ ಕೇಳಿತು. ನಮ್ಮ ಮನೆಗೆ ಅವರ ದುಡ್ಡೇಕೆ ಎಂದು ಬೆಂಗಳೂರು ಕೇಳಿತು. ಎರಡನ್ನೂ ಒಂದೇ ಸೂತ್ರದಲ್ಲಿ ಪೋಣಿಸಬಹುದಿತ್ತು. ತೊಡಕೆಂದರೆ ಬೆಂಗಳೂರಿನ ಜಗಳದಲ್ಲಿ ಚಿತ್ರಗಳಿದ್ದವು: ಕೆ. ವೆಂಕಟಪ್ಪನವರ ಊಟಿಯ, ಕೊಡೈಕೆನಾಲಿನ ಜಲವರ್ಣಗಳು. ಅವು ಎಲ್ಲಿಗೆ ಹೋಗುತ್ತವೆಂದು ಕೇಳುವವರಿದ್ದರು. ಇದರಿಂದ ನಮ್ಮ ಸಿದ್ಧಾಂತಕ್ಕೆ ಬಾಧೆ ತಗಲುವುದರಿಂದ ಬೆಂಗಳೂರನ್ನು ಇಲ್ಲಿಗೇ ಕೈಬಿಟ್ಟಿದ್ದೇವೆ.

ಇದೀಗ ಹೆಲ್ಸಿಂಕಿಯ ಅದೇ ದಕ್ಷಿಣ ಬಂದರಿನ ದಡಕ್ಕೆ ಇನ್ನೊಂದು ಸಂಗ್ರಹಾಲಯ ಬರುತ್ತಿದೆಯೆಂದು ಶಿಷ್ಯ ಸುದ್ದಿ ತಂದಿದ್ದಾನೆ. ಈ ಸಲ ವಾಸ್ತುಶಿಲ್ಪ ಮತ್ತು ವಿನ್ಯಾಸಕ್ಕೆ. ಸ್ಪರ್ಧೆಗೆ ಮತ್ತೆ ನೂರಾರು ನಕ್ಷೆ ಬಂದಿವೆ, ಸರ್ಕಾರವೂ ನಗರವೂ ಕೋಟಿಗಟ್ಟಲೆ ಯೂರೊ ಕೊಡಲು ಒಪ್ಪಿವೆ. ವಾಸ್ತುಶಿಲ್ಪದ ಸಂಗ್ರಹಾಲಯವಾದ್ದರಿಂದ ಕಟ್ಟದೆ ಬಿಟ್ಟ ಕಟ್ಟಡಗಳ ನಕ್ಷೆಗೂ ಅಲ್ಲಿ ಮೊಳೆ ಸಿಕ್ಕೀತು. ಹಾಗಾದರೆ ಗುಗನ್‌ಹೈಮಿನ 1,715 ಹಾಳೆಗಳು ಗೋಡೆ ಏರುತ್ತವೆ, ನಮ್ಮ ಅನುಪಲಬ್ಧಿ ಬಿದ್ದುಹೋಗುತ್ತದೆ. ನಗರಸಭೆ ಇದನ್ನು ಮರುಪರಿಶೀಲಿಸಬೇಕೆಂದು ವಿನಂತಿ. ಎರಡನೆಯ ಖಂಡ ಈಗಾಗಲೇ ಅಚ್ಚಿಗೆ ಹೋಗಿದೆ.