ಪ್ರಭಾರ ಮೀಮಾಂಸೆ: ಹುಣಸೂರು ಸೀಮೆಯ ಆಸ್ಪತ್ರೆಗಳಲ್ಲಿ ನಾಯಕತ್ವದ ಲಕ್ಷಣ ಮತ್ತು ಪ್ರಮಾಣ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನೊಳಗೊಂಡ ಸೀಮೆಯಲ್ಲಿ ಹೊಗೆಸೊಪ್ಪು, ಶುಂಠಿ, ಭತ್ತ ಮತ್ತು ರೋಗಿ ಎಂಬ ನಾಲ್ಕು ಪದಾರ್ಥಗಳು ಧಾರಾಳವಾಗಿ ದೊರೆಯುತ್ತವೆಂಬುದು ನಿರ್ವಿವಾದ. ನಾಯಕತ್ವವೆಂಬ ಐದನೆಯ ಪದಾರ್ಥವು ಇಂಥ ಸೀಮೆಯ ಆಸ್ಪತ್ರೆಗಳಲ್ಲಿ ಇದೆಯೇ, ಇದ್ದರೆ ಯಾವ ಕೊಠಡಿಯಲ್ಲಿ, ಯಾವ ಹೊತ್ತಿನಲ್ಲಿ, ಯಾರ ಸಹಿಯಿಂದ ಸಿದ್ಧಿಸುತ್ತದೆ ಎಂಬುದು ಈ ಪ್ರಬಂಧದ ವಿಷಯ. ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಹೇಳಬೇಕೆಂಬ ನಿಯಮವಿದೆ. ಅವುಗಳಲ್ಲಿ ಅಧಿಕಾರಿಯು ಮೀಟಿಂಗಿಗೆ ಹೋಗಿರುವುದರಿಂದ ಉಳಿದ ಮೂರನ್ನೇ ಇಟ್ಟುಕೊಂಡು ಮುಂದುವರಿಯಲಾಗಿದೆ.

ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕೆಂದೇ ಮೊದಲು ಮಂಡಿಸುವ ವಾದ, ವೈದ್ಯಕೀಯ ಪಠ್ಯಕ್ರಮದಲ್ಲಿದೆ. 2019ರಲ್ಲಿ ಎಂಬಿಬಿಎಸ್ ಕಾಲೇಜುಗಳಿಗೆ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಬಂದಾಗ ಭಾರತೀಯ ವೈದ್ಯ ಪದವೀಧರನು ವಹಿಸಬೇಕಾದ ಐದು ಪಾತ್ರಗಳನ್ನು ನಿಗದಿಪಡಿಸಲಾಯಿತು: ಅವನು ಚಿಕಿತ್ಸಕನಾಗಿರಬೇಕು, ಆರೋಗ್ಯ ತಂಡದ ನಾಯಕನೂ ಸದಸ್ಯನೂ ಆಗಿರಬೇಕು, ಜನರೊಡನೆ ಮಾತಾಡಬಲ್ಲವನಾಗಿರಬೇಕು, ಬದುಕಿರುವಷ್ಟು ಕಾಲ ಕಲಿಯುವವನಾಗಿರಬೇಕು ಮತ್ತು ವೃತ್ತಿನಿಷ್ಠನಾಗಿರಬೇಕು. ಎರಡನೆಯ ಪಾತ್ರವು ಮೀಮಾಂಸಕರ ಗಮನಕ್ಕೆ ವಿಶೇಷವಾಗಿ ಯೋಗ್ಯವಾದುದು, ಏಕೆಂದರೆ ಒಬ್ಬನೇ ವ್ಯಕ್ತಿಯು ಏಕಕಾಲದಲ್ಲಿ ನಾಯಕನೂ ಸದಸ್ಯನೂ ಆಗುವುದು ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರ ಪೂರ್ಣವಾಗಿ ಸಾಧ್ಯ. ಮಂಜೂರಾದ ಉಳಿದ ಹುದ್ದೆಗಳು ಖಾಲಿ ಇರುವಾಗ ಅಲ್ಲಿನ ನಾಯಕನು ತನಗೆ ತಾನೇ ಆದೇಶ ಕೊಟ್ಟು, ತಾನೇ ಅದನ್ನು ಪಾಲಿಸಿ, ಪಾಲಿಸಿದ ವರದಿಯನ್ನು ತನಗೇ ಸಲ್ಲಿಸಿಕೊಂಡು, ತಡವಾದುದಕ್ಕೆ ತನ್ನಿಂದಲೇ ಕಾರಣ ಕೇಳುತ್ತಾನೆ. ಇದೇ ಪಠ್ಯಕ್ರಮದಲ್ಲಿ ಏಟ್‌ಕಾಮ್ ಎಂಬ ಭಾಗವಿದ್ದು, ಮನೋಭಾವ, ನೀತಿ ಮತ್ತು ಸಂವಹನಗಳನ್ನು ಅಲ್ಲಿ ಗಂಟೆಗಳ ಲೆಕ್ಕದಲ್ಲಿ ಕಲಿಸಲಾಗುತ್ತದೆ. ಕಲಿತದ್ದಕ್ಕೆ ಸಾಕ್ಷಿಯಾಗಿ ಲಾಗ್ ಬುಕ್ ಎಂಬ ದಪ್ಪ ಪುಸ್ತಕವಿದೆ. ಅದರಲ್ಲಿ ಅನುಕಂಪದ ಎದುರಿಗೆ ದಿನಾಂಕವನ್ನೂ ದಿನಾಂಕದ ಎದುರಿಗೆ ಅಧ್ಯಾಪಕರ ಸಹಿಯನ್ನೂ ಹಾಕಿಸಬೇಕು. ಪರೀಕ್ಷೆಯ ಹಿಂದಿನ ವಾರ ಒಂದೇ ಮಧ್ಯಾಹ್ನದಲ್ಲಿ, ಒಂದೇ ಪೆನ್ನಿನಿಂದ, ಇಡೀ ಬ್ಯಾಚಿಗೆ ಅನುಕಂಪ ಬಂದುಬಿಡುವ ವಿದ್ಯಮಾನವನ್ನು ಇನ್ನೂ ಯಾರೂ ಸರಿಯಾಗಿ ವಿವರಿಸಿಲ್ಲ.

ಪ್ರಾಚೀನರ ಮತ ಬೇರೆ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಕೊಡುತ್ತದೆ. ವೈದ್ಯನಿಗೆ ಶಾಸ್ತ್ರಜ್ಞಾನ, ಕಣ್ಣಾರೆ ಕಂಡ ಅನುಭವ, ದಕ್ಷತೆ ಮತ್ತು ಶುಚಿತ್ವ ಇರಬೇಕು. ರೋಗಿಗೆ ನೆನಪು, ಹೇಳಿದಂತೆ ನಡೆಯುವ ಬುದ್ಧಿ, ಧೈರ್ಯ ಮತ್ತು ತನ್ನ ನೋವನ್ನು ವಿವರಿಸುವ ಶಕ್ತಿ ಇರಬೇಕು. ಬಿಪಿಎಲ್ ಕಾರ್ಡಿನ ಜೆರಾಕ್ಸ್ ಎಂಬ ಐದನೆಯ ಗುಣವು ಈಚಿನ ಸೇರ್ಪಡೆ. ಹದಿನಾರು ಗುಣಗಳಲ್ಲಿ ನಾಯಕತ್ವ ಒಂದೂ ಕಡೆ ಇಲ್ಲದಿರುವುದನ್ನು ನೋಡಿದರೆ ಚರಕನಿಗೆ ಸುತ್ತೋಲೆಯಾಗಲಿ, ಸುತ್ತೋಲೆಗೆ ಬರುವ ಸ್ಪಷ್ಟೀಕರಣವಾಗಲಿ ಪರಿಚಯವಿರಲಿಲ್ಲವೆಂದೇ ತೀರ್ಮಾನಿಸಬೇಕಾಗುತ್ತದೆ.

ಇನ್ನು ಪ್ರಮಾಣಗಳು, ಅಂದರೆ ಜ್ಞಾನವನ್ನು ಹುಟ್ಟಿಸುವ ಸಾಧನಗಳು. ಪ್ರತ್ಯಕ್ಷ ಪ್ರಮಾಣದಿಂದ ನಾಯಕತ್ವವು ಆಡಳಿತ ವೈದ್ಯಾಧಿಕಾರಿಯ ಕೊಠಡಿಯಲ್ಲಿ ಟರ್ಕಿ ಟವೆಲ್ ಹೊದ್ದ ಕುರ್ಚಿಯ ರೂಪದಲ್ಲಿಯೂ, ಅದರ ಹಿಂದಿನ ಗೋಡೆಯ ಮೇಲೆ ಹಿಂದಿನವರ ಹೆಸರುಗಳನ್ನು ‘ಇಂದ’, ‘ವರೆಗೆ’ ಎಂಬ ಎರಡು ಕಲಮುಗಳಲ್ಲಿ ಬರೆದ ಮರದ ಹಲಗೆಯ ರೂಪದಲ್ಲಿಯೂ ಗೋಚರಿಸುತ್ತದೆ. ಅಂಥ ಹಲಗೆಗಳನ್ನು ನಿಧಾನವಾಗಿ ಓದಿದವರಿಗೆ ಹೆಸರುಗಳ ಮುಂದೆ ಮತ್ತೆ ಮತ್ತೆ ಬರುವ ‘ಪ್ರಭಾರ’ ಎಂಬ ಉಪಾಧಿ ಕಣ್ಣಿಗೆ ಬೀಳದಿರದು. ಹುದ್ದೆಯ ಭಾರವೆಲ್ಲ ಹೆಗಲಿಗೆ ಬಿದ್ದು, ಹುದ್ದೆ ಮಾತ್ರ ಕೈಗೆ ಸಿಗದ ಅವಸ್ಥೆಗೆ ಪ್ರಭಾರವೆಂದು ಹೆಸರು. ತಾಲ್ಲೂಕಿನ ಆರೋಗ್ಯ ಕಾರ್ಯಕ್ರಮಗಳಿಗೂ ಪ್ರಾಥಮಿಕ ಕೇಂದ್ರಗಳಿಗೂ ತಾಲ್ಲೂಕು ಆರೋಗ್ಯಾಧಿಕಾರಿ, ಆಸ್ಪತ್ರೆಗೆ ಆಡಳಿತ ವೈದ್ಯಾಧಿಕಾರಿ, ಆರೋಗ್ಯ ರಕ್ಷಾ ಸಮಿತಿಗೆ ಶಾಸಕರು ಎಂದು ಯಜಮಾನಿಕೆಯು ಮೂರು ಪಾಲಾಗಿರುವುದರಿಂದ, ಬಲ್ಬು ಕೆಟ್ಟರೆ ಯಾರಿಗೆ ಹೇಳಬೇಕೆಂಬ ಪ್ರಶ್ನೆಯು ಈ ಶಾಸ್ತ್ರದ ಅತ್ಯಂತ ಜಟಿಲವಾದ ಅಧಿಕರಣವಾಗಿದೆ. ಜನರಾದರೋ ಸಿಕ್ಕಿದವರನ್ನೆಲ್ಲ ‘ದೊಡ್ಡ ಡಾಕ್ಟ್ರು’ ಎಂದು ಕರೆದು ಆ ಜಟಿಲತೆಯನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿದ್ದಾರೆ.

ಅನುಮಾನ ಪ್ರಮಾಣಕ್ಕೆ ಬೆಟ್ಟದ ಮೇಲಿನ ಹೊಗೆಯ ಬದಲಿಗೆ ಹೊಂಗೆಮರದ ಕೆಳಗಿನ ಇಲಾಖೆಯ ಜೀಪನ್ನು ಇಟ್ಟುಕೊಳ್ಳಬಹುದು: ಜೀಪಿದ್ದಲ್ಲಿ ಸಾಹೇಬರಿದ್ದಾರೆ. ಆದರೆ ಚಾಲಕನೊಬ್ಬನೇ ಹಾಲು ತರಲು ಹೋಗಿಬರುವುದುಂಟಾದ್ದರಿಂದ ಇಲ್ಲಿ ವ್ಯಭಿಚಾರದೋಷವಿದೆ, ಅಂದರೆ ಹೇತುವಿದ್ದೂ ಅದರಿಂದ ಸಿದ್ಧಿಸಬೇಕಾದ ವಸ್ತು ಇಲ್ಲದಿರುವ ದೋಷ. ಆದಕಾರಣ ಭಾಟ್ಟ ಮೀಮಾಂಸಕರು ಒಪ್ಪಿರುವ ಅನುಪಲಬ್ಧಿಯೇ, ಅಂದರೆ ವಸ್ತು ಕಾಣದಿರುವುದರಿಂದಲೇ ಹುಟ್ಟುವ ಜ್ಞಾನವೇ, ನಾಯಕನ ವಿಷಯದಲ್ಲಿ ಹೆಚ್ಚು ನಂಬಲರ್ಹವಾದ ಪ್ರಮಾಣ. ‘ಸಾಹೇಬ್ರು ವಿಸೀಲವ್ರೆ’ ಎಂದು ಬಾಗಿಲ ಬಳಿಯ ಗ್ರೂಪ್ ಡಿ ನೌಕರನು ಹೇಳಿದ ಕೂಡಲೇ ಒಳಗೆ ನಾಯಕನೊಬ್ಬನಿದ್ದಾನೆಂಬ ಜ್ಞಾನವು ರೋಗಿಗೆ ಸಂಶಯಾತೀತವಾಗಿ ಉಂಟಾಗುತ್ತದೆ. ವಿಸಿ ಎಂದರೆ ಬೆಂಗಳೂರಿನವರು ಪರದೆಯ ಮೇಲೆ ಮಾತಾಡುವುದು, ತಾಲ್ಲೂಕಿನವರು ಮೈಕು ಬಂದ್ ಮಾಡಿಕೊಂಡು ತಲೆಯಾಡಿಸುವುದು.

ಅರ್ಥಾಪತ್ತಿಯ ಪ್ರಸಂಗವು ಇನ್ನಷ್ಟು ರಮ್ಯವಾದುದು. ದೇವದತ್ತನು ದಪ್ಪಗಿದ್ದಾನೆ, ಹಗಲಿನಲ್ಲಿ ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಿಕೊಳ್ಳುವುದು ಅರ್ಥಾಪತ್ತಿಯ ಹಳೆಯ ಉದಾಹರಣೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನಿಯಮದಂತೆ ವೈದ್ಯನು ನೋಂದಣಿಯನ್ನು ನವೀಕರಿಸಿಕೊಳ್ಳಲು ಐದು ವರ್ಷಗಳಲ್ಲಿ 30 ಗಂಟೆಗಳ ನಿರಂತರ ಕಲಿಕೆಯ ಕ್ರೆಡಿಟ್ ಗಳಿಸಿರಬೇಕು. ಕಾಡಂಚಿನ ಕೇಂದ್ರದ ವೈದ್ಯನಿಗೆ ಬದಲಿ ವೈದ್ಯನಿಲ್ಲ, ರಜೆಯಿಲ್ಲ, ಮೈಸೂರಿನ ಹೋಟೆಲಿನ ಸಭಾಂಗಣಕ್ಕೆ ಹೋಗುವ ಅವಕಾಶವಿಲ್ಲ. ಆದರೂ ಕ್ರೆಡಿಟ್ ಭರ್ತಿಯಾಗಿದೆ. ಆದ್ದರಿಂದ ಅವನ ಫೋನು ಕಿಟಕಿಯ ಮೇಲೆ ಕೂತು ವೆಬಿನಾರ್ ಕೇಳುತ್ತಿತ್ತೆಂದೂ, ಅದೇ ಹೊತ್ತಿನಲ್ಲಿ ವೈದ್ಯನು ಹಾವು ಕಡಿದವನಿಗೆ ಪ್ರತಿವಿಷ ಏರಿಸುತ್ತಿದ್ದನೆಂದೂ ಕಲ್ಪಿಸದೆ ಗತ್ಯಂತರವಿಲ್ಲ. ಇವೆರಡರಲ್ಲಿ ಕ್ರೆಡಿಟ್ ಬರುವುದು ಮೊದಲನೆಯದಕ್ಕೆ.

ನಾಯಕತ್ವ ತರಬೇತಿ ಶಿಬಿರಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬೆಳಿಗ್ಗೆ ಪೂರ್ವಪರೀಕ್ಷೆ, ಸಂಜೆ ಅದೇ ಪ್ರಶ್ನೆಗಳ ಉತ್ತರಪರೀಕ್ಷೆ, ನಡುವೆ ಊಟ, ಕೊನೆಯಲ್ಲಿ ಬ್ಯಾನರಿನ ಮುಂದೆ ಗ್ರೂಪ್ ಫೋಟೋ ಎಂಬುದು ಅವುಗಳ ಸರ್ವಸಮ್ಮತ ರಚನೆ. ಶಿಬಿರಾರ್ಥಿಗಳನ್ನು ಗುಂಪು ಮಾಡಿ, ಚಾರ್ಟ್ ಕಾಗದ ಕೊಟ್ಟು, ತಮ್ಮ ಸಂಸ್ಥೆಯ ಶಕ್ತಿ, ದೌರ್ಬಲ್ಯ, ಅವಕಾಶ ಮತ್ತು ಅಪಾಯಗಳನ್ನು ಬರೆಯಿರೆಂದಾಗ ದೌರ್ಬಲ್ಯದ ಕೆಳಗೆ ‘ಸಿಬ್ಬಂದಿ ಕೊರತೆ’ ಎಂದೂ ಅವಕಾಶದ ಕೆಳಗೆ ‘ವರ್ಗಾವಣೆ’ ಎಂದೂ ಬರೆಯುವಷ್ಟು ಪ್ರಾಮಾಣಿಕತೆ ಆ ಚಾರ್ಟುಗಳಲ್ಲಿರುವುದನ್ನು ಮೆಚ್ಚಬೇಕು. ಗುಣಮಟ್ಟದ ತಪಾಸಣೆಯೂ ಇದೇ ಜಾತಿಯದು. 2015ರಲ್ಲಿ ಆರಂಭವಾದ ಕಾಯಕಲ್ಪ ಪ್ರಶಸ್ತಿಗಾಗಿ ತಂಡ ಬರುವ ದಿನ ಹಳದಿ, ಕೆಂಪು, ನೀಲಿ, ಬಿಳಿ ಡಬ್ಬಗಳು ಶಾಸ್ತ್ರೋಕ್ತ ಕ್ರಮದಲ್ಲಿ ನಿಂತು, ಫಿನಾಯಿಲಿನ ಪರಿಮಳವು ಬಸ್ ಸ್ಟ್ಯಾಂಡಿನವರೆಗೂ ಹಬ್ಬುತ್ತದೆ. ಇಷ್ಟಾದರೂ ವರ್ಷಕ್ಕೊಮ್ಮೆ ತಿಕ್ಕಿದ ನೆಲವು ತಿಕ್ಕದೆಯೇ ಬಿಟ್ಟ ನೆಲಕ್ಕಿಂತ ಮೇಲು ಎಂಬುದನ್ನು ಅಣಕವಾಡುವವರೂ ಒಪ್ಪಬೇಕು.

ಈ ಶಾಸ್ತ್ರದ ಭೂಗೋಳವನ್ನೂ ಇಲ್ಲಿಯೇ ಹೇಳುವುದು ಉಚಿತ. ಸುತ್ತೋಲೆಯು ಬೆಂಗಳೂರಿನಿಂದ ಮೈಸೂರಿಗೂ ಮೈಸೂರಿನಿಂದ ತಾಲ್ಲೂಕಿಗೂ ಇಳಿಯುತ್ತದೆ; ರೋಗಿಯು ಆದಿವಾಸಿಗಳ ಹಾಡಿಯಿಂದ ತಾಲ್ಲೂಕಿಗೂ ತಾಲ್ಲೂಕಿನಿಂದ ಮೈಸೂರಿಗೂ ಏರುತ್ತಾನೆ. ಪಿರಿಯಾಪಟ್ಟಣ ಮತ್ತು ಹುಣಸೂರುಗಳು ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲಿರುವುದರಿಂದ ಇಳಿಯುವ ಆದೇಶವೂ ಏರುವ ರೋಗಿಯೂ ಬಿಳಿಕೆರೆಯ ಆಸುಪಾಸಿನಲ್ಲೆಲ್ಲೋ ಎದುರಾಗುತ್ತವೆ, ಆದರೆ ಪರಸ್ಪರ ಗುರುತು ಹಿಡಿಯುವುದಿಲ್ಲ. ಏರುವಿಕೆಯ ತುದಿಯಲ್ಲಿ ಜನರು ದೊಡ್ಡಾಸ್ಪತ್ರೆಯೆನ್ನುವ ಕೆ.ಆರ್. ಆಸ್ಪತ್ರೆಯಿದೆ, ಹೆರಿಗೆಗೆ ಚೆಲುವಾಂಬ ಇದೆ, ಇವೆರಡಕ್ಕೂ ವೈದ್ಯರನ್ನು ಒದಗಿಸುವ ಮೈಸೂರು ವೈದ್ಯಕೀಯ ಕಾಲೇಜಿದೆ. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದ ಆ ಕಾಲೇಜನ್ನು ರಾಜ್ಯದ ಅತ್ಯಂತ ಯಶಸ್ವಿ ರೆಫರಲ್ ಎಂದು ಕರೆದರೆ ತಪ್ಪಾಗದು, ಏಕೆಂದರೆ ಹೋದದ್ದು ಹಿಂದಿರುಗಲಿಲ್ಲ. ರೆಫರಲ್ ಎಂದರೆ ತನ್ನಿಂದಾಗದುದನ್ನು ಮೇಲಿನವರಿಗೆ ಬರೆದುಕೊಡುವುದು. ನಾಯಕನು ದಿನಕ್ಕೆ ತೆಗೆದುಕೊಳ್ಳುವ ನಿರ್ಧಾರಗಳಲ್ಲಿ ಇದೇ ಮುಖ್ಯವಾದುದು, ಬೇಗ ತೆಗೆದುಕೊಂಡರೆ ಜೀವ ಉಳಿಸುವಂಥದು, ತಡಮಾಡಿದರೆ ಕೇವಲ ಕಾಗದವಾಗಿ ಉಳಿಯುವಂಥದು.

ಆ ಬೇಗ ಮತ್ತು ತಡಗಳನ್ನು ಯಾರು ನಿರ್ಧರಿಸುತ್ತಾರೆಂಬುದನ್ನು ತಿಳಿಯಲು ಹೆರಿಗೆ ಕೊಠಡಿಗೆ, ಅದೂ ರಾತ್ರಿ ಪಾಳಿಯಲ್ಲಿ, ಹೋಗಬೇಕಾಗುತ್ತದೆ. ವೈದ್ಯ ಪದವಿ ಮುಗಿಸಿದವರು ಒಂದು ವರ್ಷ ಗ್ರಾಮೀಣ ಸೇವೆ ಮಾಡಬೇಕೆಂದು ಕರ್ನಾಟಕವು 2012ರಲ್ಲಿ ಕಾನೂನು ಮಾಡಿತು. ಹಾಗೆ ಬಂದ ತರುಣ ವೈದ್ಯೆಯೊಬ್ಬಳು, ಐದೂ ಪಾತ್ರಗಳಲ್ಲಿ ತೇರ್ಗಡೆಯಾದವಳು, ಮೇಜಿನ ಮೇಲೆ ಪಾರ್ಟೋಗ್ರಾಫನ್ನು ಹರಡಿಕೊಂಡಿರುತ್ತಾಳೆ. ಹೆರಿಗೆಯ ಪ್ರಗತಿಯನ್ನು ಗಂಟೆಗಂಟೆಗೂ ಗುರುತಿಸುತ್ತ ಹೋಗುವ ಈ ನಕ್ಷೆಯನ್ನು ಹೆರಿಗೆಯಾದ ಮೇಲೆ ಹಿಂದಿನಿಂದ ಮುಂದಕ್ಕೆ ತುಂಬಿಸುವ ಸಂಪ್ರದಾಯವೂ ದೇಶದಲ್ಲಿ ಪ್ರಚಲಿತವಾಗಿದೆ. ಮಗು ಬಂದು, ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಕೊಟ್ಟು, ಮಾಸು ಬಿದ್ದ ಮೇಲೂ ರಕ್ತ ನಿಲ್ಲದಿದ್ದಾಗ, ಅರ್ಧ ಲೀಟರಿಗೆ ಮಿಕ್ಕಿದರೆ ಅದು ಅಪಾಯವೆಂದು ಪಾಠದಲ್ಲಿ ಓದಿದವಳಿಗೆ ಟ್ರೇಯಲ್ಲಿರುವುದು ಅರ್ಧ ಲೀಟರೋ ಅಲ್ಲವೋ ಹೊಳೆಯುವುದಿಲ್ಲ. ‘ಮೇಡಂ, ಗಾಬರಿ ಆಗ್ಬೇಡಿ, ಹೊಟ್ಟೆ ಮೇಲೆ ಕೈ ಇಡಿ, ಗಟ್ಟಿ ಆಗ್ತಿದ್ಯಾ ನೋಡಿ’ ಎಂದು ಸಿಸ್ಟರ್ ಹೇಳುತ್ತಾಳೆ, ಹೇಳುತ್ತಲೇ ಮೇಡಂನ ಕೈಯನ್ನು ತನ್ನ ಕೈಯಿಂದ ಒತ್ತಿ ಗರ್ಭಕೋಶ ಎಲ್ಲಿದೆಯೆಂದು ತೋರಿಸುತ್ತಾಳೆ, ಆಯಾಳಿಗೆ ಫ್ರಿಜ್ಜಿನ ಬೀಗದ ಕೈ ಎಸೆಯುತ್ತಾಳೆ, ಬಾಗಿಲಾಚೆ ಅಳುತ್ತಿರುವ ಅತ್ತೆಗೆ ‘ಅಳ್ಬೇಡ ಕಣಮ್ಮ, ರಕ್ತ ಕೊಡೋರ್ ಯಾರವ್ರೆ ಕರ್ಸು’ ಎನ್ನುತ್ತಾಳೆ. ರೆಫರಲ್ ಚೀಟಿ ಬರೆಯಬೇಕೇ ಎಂದು ಮೇಡಂ ಕೇಳುವಷ್ಟರಲ್ಲಿ ಆಂಬುಲೆನ್ಸು ಪೋರ್ಟಿಕೋಗೆ ಬಂದು ನಿಂತಿರುತ್ತದೆ, ಚೆಲುವಾಂಬದ ವಾರ್ಡಿಗೆ ಫೋನೂ ಹೋಗಿರುತ್ತದೆ. ಪಠ್ಯಕ್ರಮದ ಐದೂ ಪಾತ್ರಗಳು ಅರ್ಧ ಗಂಟೆಯೊಳಗೆ, ಯಾರದೂ ಸಹಿಯಿಲ್ಲದೆ, ಪಠ್ಯಕ್ರಮದಲ್ಲಿ ಹೆಸರೇ ಇಲ್ಲದ ವ್ಯಕ್ತಿಯಲ್ಲಿ ಕೂಡಿಬಂದುದನ್ನು ಸೈದ್ಧಾಂತಿಕರು ಹೇಗೆ ಅರಗಿಸಿಕೊಳ್ಳುವರೋ ತಿಳಿಯದು. ಚರಕನು ಪರಿಚಾರಕನನ್ನು ನಾಲ್ಕು ಪಾದಗಳಲ್ಲಿ ಒಂದಾಗಿ ಎಣಿಸಿದ್ದು ಇಲ್ಲಿ ನೆನಪಾಗುತ್ತದೆ.

ಇದಕ್ಕೆ ಪ್ರತಿವಾದಿಗಳು ವೈದ್ಯರಲ್ಲಿ ನಾಯಕರೇ ಇಲ್ಲವೇ ಎಂದು ಆಕ್ಷೇಪಿಸಬಹುದು. ಇದ್ದಾರೆ, ಉದಾಹರಣೆಯು ಇದೇ ಸೀಮೆಯಲ್ಲಿದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿ, ಓದು ಮುಗಿದ ಮೇಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಗಳಿಗೆ ಹೋದರು. ಕಾಡಿನಿಂದ ಹೊರಬಂದ ಜೇನುಕುರುಬರ, ಕಾಡುಕುರುಬರ ನಡುವೆ ಶುರುವಾದ ಆ ಕೆಲಸವು ಕೆಂಚನಹಳ್ಳಿಯ ಆಸ್ಪತ್ರೆಯಾಗಿ, ಆಗ ಕೋಟೆ ತಾಲ್ಲೂಕಿಗೆ ಸೇರಿದ್ದ, ಈಗ ತಾನೇ ತಾಲ್ಲೂಕಾಗಿರುವ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯಾಗಿ ಬೆಳೆಯಿತು. ನಾಯಕತ್ವವನ್ನು ಕಲಿಸುವ ವಿ-ಲೀಡ್ ಎಂಬ ಸಂಸ್ಥೆಯನ್ನು ಅದೇ ಬಳಗವು ಮೈಸೂರಿನಲ್ಲಿ ಕಟ್ಟಿದ್ದು ಬಹಳ ಕಾಲದ ನಂತರ. 2021ರಲ್ಲಿ ಬಾಲಸುಬ್ರಹ್ಮಣ್ಯಂ ಅವರು ಕೇಂದ್ರ ಸರ್ಕಾರದ ಸಾಮರ್ಥ್ಯವರ್ಧನ ಆಯೋಗದ ಸದಸ್ಯರಾದದ್ದು ಅದಕ್ಕೂ ಆಮೇಲಿನ ಮಾತು. ಮೊದಲು ಹಾಡಿ, ಆಮೇಲೆ ಆಸ್ಪತ್ರೆ, ಕೊನೆಗೆ ತರಗತಿ ಎಂಬ ಈ ಕ್ರಮವನ್ನು ಪ್ರಚಲಿತ ವ್ಯವಸ್ಥೆಯು ಸಮಯ ಉಳಿಸುವ ಉದ್ದೇಶದಿಂದ ತಿರುವುಮುರುವು ಮಾಡಿಕೊಂಡಿದ್ದು, ತರಗತಿ ಮೊದಲಾಗಿದೆ, ಪ್ರಮಾಣಪತ್ರ ಎರಡನೆಯದಾಗಿದೆ, ಹಾಡಿಯ ಸರದಿ ಇನ್ನೂ ಬಂದಿಲ್ಲ.

ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲೆಯ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಲೇಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ನಿಯಮ ಮಾಡಿರುವುದು ಹಾಡಿಯ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಅಣಕು ಗ್ರಂಥದಲ್ಲಿಯೂ ಮೆಚ್ಚಬೇಕಾದುದನ್ನು ಮೆಚ್ಚಬೇಕು. ಆ ಮೂರು ತಿಂಗಳಲ್ಲಿ ಅವರಿಗೆ ನಿಜವಾಗಿ ಕಲಿಸುವವರು ಯಾರು, ಆ ಕಲಿಸುವಿಕೆಗೆ ಎಷ್ಟು ಗಂಟೆಯ ಕ್ರೆಡಿಟ್ ಸಲ್ಲಬೇಕು ಎಂಬುದನ್ನು ಮುಂದಿನ ಸುತ್ತೋಲೆಯಲ್ಲಾದರೂ ಸ್ಪಷ್ಟಪಡಿಸಬೇಕೆಂದು ಸಂಬಂಧಪಟ್ಟವರಲ್ಲಿ ಪ್ರಾರ್ಥಿಸಲಾಗಿದೆ. ಅಲ್ಲದೆ ವೈದ್ಯಾಧಿಕಾರಿಗಳಿಗೆ ಮತ್ತೊಂದು ನಾಯಕತ್ವ ಶಿಬಿರವನ್ನು ಏರ್ಪಡಿಸುವ ಉದ್ದೇಶವಿದ್ದರೆ ಅದನ್ನು ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ಕೊಠಡಿಯಲ್ಲಿ, ರಾತ್ರಿ ಪಾಳಿಯಲ್ಲಿ, ಸಿಸ್ಟರಿನ ಅಧ್ಯಕ್ಷತೆಯಲ್ಲಿ ನಡೆಸಬೇಕು. ಶಿಬಿರಾರ್ಥಿಗಳಿಗೆ ಕುರ್ಚಿಗಳಿರುವುದಿಲ್ಲವಾದ್ದರಿಂದ ನಿಂತುಕೊಂಡೇ ಕಲಿಯಲು ಸಿದ್ಧರಾಗಿ ಬರತಕ್ಕದ್ದು, ಮತ್ತು ಚಪ್ಪಲಿಯನ್ನು ಹೊರಗೆ ಬಿಡತಕ್ಕದ್ದು.