ಮೇಲಿನವರ ನೀರು, ಕೆಳಗಿನವರ ಬಿಲ್ಲು

ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಎದ್ದು ನಿಂತ ಮೂರಂತಸ್ತಿನ ಮನೆಗಳಲ್ಲಿ, ಯಾವ ಬಾಡಿಗೆ ಕರಾರಿನಲ್ಲೂ ಬರೆಯದ ಕಾನೂನೊಂದು ನಡೆಯುತ್ತದೆ. ಚೇಂಬರ್ ಕಟ್ಟಿಕೊಂಡಾಗ ಯಾರ ಬಚ್ಚಲಲ್ಲಿ ಕೊಳಚೆ ಉಕ್ಕಿತೋ ಅವರೇ ದುಡ್ಡು ಕೊಟ್ಟು ಕ್ಲೀನ್ ಮಾಡಿಸಬೇಕು. ಉಕ್ಕುವುದು ಗ್ರೌಂಡ್ ಫ್ಲೋರಿನ ಬಾಡಿಗೆಯವರ ಬಚ್ಚಲಲ್ಲಿ. ಓನರ್ ಗಾಳಿ-ಬೆಳಕು ಚೆನ್ನಾಗಿದೆಯೆಂದು ಮೇಲಿರುತ್ತಾರೆ. ಈ ಖರ್ಚನ್ನು ಮೂರೂ ಮನೆಯವರು ಹಂಚಿಕೊಳ್ಳಬೇಕು ಎಂಬುದು ನನ್ನ ವಾದ. ಧರ್ಮ, ದಯೆ ಇತ್ಯಾದಿಗಳನ್ನು ಇದಕ್ಕೆ ಎಳೆದು ತರಬೇಕಾಗಿಲ್ಲ, ಚೇಂಬರಿನ ಮುಚ್ಚಳ ಎತ್ತಿದರೆ ಸಾಕು. ಮೂರು ಮನೆಯ ಪೈಪುಗಳೂ ಅಲ್ಲಿ ಸೇರುತ್ತವೆ, ಅಲ್ಲಿಂದಾಚೆಗೆ ರಸ್ತೆಯ ಯುಜಿಡಿ ಲೈನಿಗೆ ಹೋಗುವುದು ಒಂದೇ ಪೈಪು. ಅದು ಕಟ್ಟಿಕೊಂಡ ಮೇಲೆ ಎರಡನೇ ಮಹಡಿಯಲ್ಲಿ ಹತ್ತು ಬಕೆಟ್ ಅಭ್ಯಂಜನವಾದರೂ ಅಲ್ಲಿನವರಿಗೆ ಏನೂ ಗೊತ್ತಾಗುವುದಿಲ್ಲ. ನೀರು ಹಿಂದಕ್ಕೆ ಏರುತ್ತಾ ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿ ಹುಡುಕುತ್ತದೆ. ಅದು ಕೆಳಮನೆಯ ಬಚ್ಚಲ ಜಾಲರಿ. ಕೆಳಗಿನವರ ಅಪರಾಧವೇನಿದ್ದರೂ ತಗ್ಗಿನಲ್ಲಿ ವಾಸಿಸಿದ್ದು.

ಕಟ್ಟಿಕೊಂಡದ್ದು ಏನೆಂದು ನೋಡಿದರೂ ಒಬ್ಬರ ಕಡೆ ಬೆರಳು ತೋರಿಸುವುದು ಕಷ್ಟ. ಹಬ್ಬದ ಮಾರನೇ ದಿನ ಸಿಂಕಿಗೆ ಸುರಿದ ಕರಿದ ಎಣ್ಣೆ, ಡಾಲ್ಡಾ ಜಿಡ್ಡು, ಕೂದಲು, ಶಾಂಪೂ ಪ್ಯಾಕೆಟ್, ಕಮೋಡಿಗೆ ಹಾಕಿ ಕೈತೊಳೆದುಕೊಂಡ ಪ್ಯಾಡು: ಯಾವುದರ ಮೇಲೂ ಮನೆ ನಂಬರ್ ಇರುವುದಿಲ್ಲ. ನಿಜವಾದ ದೊಡ್ಡ ಆಸಾಮಿ ತಾರಸಿಯಿಂದ ಇಳಿಯುತ್ತಾನೆ. ಬೆಂಗಳೂರಿನ ಒಳಚರಂಡಿ ಮಳೆನೀರಿಗೆಂದು ಹಾಕಿದ್ದಲ್ಲ, ಅದಕ್ಕೆ ಬೇರೆ ಮೋರಿಗಳಿವೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ಬಂದು ಮಳೆಕೊಯ್ಲು ಕಡ್ಡಾಯವೂ ಆಯಿತು. ಆದರೂ ಇಂಗುಗುಂಡಿ ತೋಡಿಸುವ ಬದಲು ತಾರಸಿಯ ಪೈಪನ್ನು ಸದ್ದಿಲ್ಲದೆ ಚೇಂಬರಿಗೆ ತಿರುಗಿಸಿದ ಮನೆಗಳಿಗೆ ಬರವಿಲ್ಲ. ಸಾವಿರ ಚದರಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆಯಾದರೆ ಸುಮಾರು 4,600 ಲೀಟರ್ ನೀರು, ಹೆಚ್ಚುಕಡಿಮೆ ಒಂದು ಸಣ್ಣ ಟ್ಯಾಂಕರಿನಷ್ಟು. ಬೇಸಿಗೆಯಲ್ಲಿ ಅದನ್ನೇ ದುಡ್ಡು ಕೊಟ್ಟು ತರಿಸುತ್ತೇವೆ; ಮಳೆಗಾಲದಲ್ಲಿ ಕೆಳಗಿನವರ ಹಾಸಿಗೆಯಡಿಗೆ ಪುಕ್ಕಟೆಯಾಗಿ ಕಳಿಸುತ್ತೇವೆ.

‘ನಮ್ಮನೆಯಲ್ಲಿ ಇರೋದೇ ಇಬ್ಬರು, ನಾವ್ಯಾಕೆ ಸಮಪಾಲು ಕೊಡಬೇಕು’ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಹಾಗಾದರೆ ತಲೆ ಎಣಿಸಿ ಹಂಚಲಿ. ಒಂದೇ ಮೀಟರಿನ ಜಲಮಂಡಳಿ ಬಿಲ್ಲನ್ನು ತಿಂಗಳು ತಿಂಗಳು ಹಾಗೆ ಹಂಚುವ ಮನೆಗಳಿವೆ, ಆ ಬಿಲ್ಲಿನಲ್ಲಿ ಒಳಚರಂಡಿ ಶುಲ್ಕವೂ ಸೇರಿಯೇ ಇರುತ್ತದೆ. ಕೊಳಚೆ ಹೊರಟುಹೋಗುವಾಗ ಎಲ್ಲರದು, ವಾಪಸು ಬಂದಾಗ ಮಾತ್ರ ಒಬ್ಬರದು ಹೇಗಾದೀತು? ‘ತಪ್ಪು ರಸ್ತೆಯ ಲೈನಿನದು’ ಎನ್ನುವವರೂ ಕೆಲವೊಮ್ಮೆ ಸರಿಯೇ. ದುಡ್ಡು ಬಿಚ್ಚುವ ಮೊದಲು ರಸ್ತೆಯ ಮ್ಯಾನ್‌ಹೋಲ್ ನೋಡಬೇಕು. ಅದೂ ತುಂಬಿ ನಿಂತಿದ್ದರೆ 1916ಕ್ಕೆ ಫೋನ್ ಮಾಡಬೇಕು, ಅದು ಜಲಮಂಡಳಿಯ ಕೆಲಸ. ಆದರೆ ಅವರು ಬಂದು ರಸ್ತೆ ಸರಿಮಾಡಿದರೂ ನೆನೆದ ಹಾಸಿಗೆ, ಉಬ್ಬಿದ ಪ್ಲೈವುಡ್ ಬೀರು, ಬ್ಲೀಚಿಂಗ್ ಪೌಡರಿಗೂ ಬಗ್ಗದ ವಾಸನೆ ಇವೆಲ್ಲ ಕೆಳಗಿನವರ ಲೆಕ್ಕದಲ್ಲೇ ಉಳಿಯುತ್ತವೆ.

ಇನ್ನೊಂದು ಸಲಹೆ ಬರುತ್ತದೆ, ಅದಕ್ಕೆ ನಗಲಾಗದು: ‘ಇಷ್ಟಕ್ಕೆಲ್ಲ ಮೆಷಿನ್ ಯಾಕೆ, ಯಾರನ್ನಾದರೂ ಇಳಿಸಿದರಾಯಿತು.’ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗುಂಡಿಯ ಗಾಳಿಗೆ ಉಸಿರು ಕಟ್ಟಲು ಹೆಚ್ಚು ಹೊತ್ತೂ ಬೇಡ. ಜೆಟ್ಟಿಂಗ್ ಮೆಷಿನ್ನಿನ ಬಾಡಿಗೆ ಒಬ್ಬರಿಗೇ ಭಾರವೆನಿಸಿದಾಗ ಇಂಥ ಅಗ್ಗದ ಉಪಾಯಗಳು ಹೊಳೆಯುತ್ತವೆ. ಮೂರು ಪಾಲಾದರೆ ಹೊಳೆಯುವ ಸಂಭವ ಕಡಿಮೆ.

ಇಷ್ಟಕ್ಕೂ ಮೇಲಿನವರು ಒಪ್ಪದಿದ್ದರೆ ಕೆಳಗಿನವರಿಗೆ ಕೊನೆಯ ದಾರಿಯೊಂದಿದೆ. ತಮ್ಮ ಬಚ್ಚಲ ಲೈನಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಬಹುದು. ಅದು ಮುಚ್ಚಿಕೊಂಡಿರುವಷ್ಟು ಹೊತ್ತು ತಮ್ಮ ನೀರೂ ಹೊರಹೋಗದೆಂಬುದು ನಿಜ, ಆದರೆ ಪರರ ನೀರು ಒಳಬರುವುದು ತಪ್ಪುತ್ತದೆ. ಆಗ ಕೊಳಚೆ ಮುಂದಿನ ತಗ್ಗಿನ ಬಾಯಿ ಹುಡುಕುತ್ತದೆ, ಅದು ಸಾಧಾರಣವಾಗಿ ಪಾರ್ಕಿಂಗಿನ ಚೇಂಬರು. ಅದರ ಮೇಲೆ ಓನರರ ಕಾರು ನಿಂತಿದ್ದರೆ ಮೂರು ಪಾಲಿನ ಮಾತು ಸಂಜೆಯೊಳಗೆ ಮೇಲಿನಿಂದಲೇ ಇಳಿದು ಬರುತ್ತದೆ.